50 ಮಿ.ಮೀ. ಸ್ಪೇಸರ್ ಹಾಕಿದರೆ 88 ಮಿ.ಮೀ. ಎದ್ದಿತು: ತೋಟದ ಪಿಕಪ್ ಒಂದರ ಲಿಫ್ಟ್ ಕಿಟ್ ಪ್ರಕರಣ

ಲಿಫ್ಟ್ ಕಿಟ್ ಎಂದರೆ ಗಾಡಿಯ ಮೈಯನ್ನು ಚಕ್ರದಿಂದ ಇನ್ನಷ್ಟು ಮೇಲಕ್ಕೆ ಎತ್ತುವ ಸಾಮಾನು. ಇಲ್ಲಿನ ಗಾಡಿ 2021ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 1.9 ಲೀಟರ್ ಡೀಸೆಲ್, ಮ್ಯಾನ್ಯುಯಲ್ ಗೇರ್, 4×4. ಮಾಲೀಕರು ಚಿಕ್ಕಮಗಳೂರು ಜಿಲ್ಲೆಯ ಒಬ್ಬ ಕಾಫಿ ಬೆಳೆಗಾರರು. ಅವರ ಹೆಸರು, ಊರು, ಕೆಲಸ ಮಾಡಿದ ಎರಡು ಗ್ಯಾರೇಜುಗಳ ಹೆಸರು, ಕಿಟ್‌ನ ಬ್ರ್ಯಾಂಡು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಅಳತೆಗಳೆಲ್ಲ ಆ ಒಂದೇ ಗಾಡಿಯವು. ಬೇರೆ ಗಾಡಿಗೆ ಅವನ್ನೇ ಹಿಡಿದು ಕೂರಬಾರದು.

ತೋಟದ ದಾರಿ

ಡಾಂಬರು ರಸ್ತೆಯಿಂದ ಕಣದವರೆಗೆ ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಮಣ್ಣುದಾರಿ. ಟ್ರ್ಯಾಕ್ಟರ್ ಓಡಾಡಿ ಓಡಾಡಿ ಎರಡೂ ಕಡೆ ಚಕ್ರದ ಗಾಡಿಗೆರೆ ಆಳಕ್ಕಿಳಿದು, ನಡುವೆ ಮಣ್ಣಿನ ದಿಬ್ಬ ಉಳಿದಿದೆ. ಟ್ರ್ಯಾಕ್ಟರಿಗೆ ಅದು ಲೆಕ್ಕಕ್ಕಿಲ್ಲ. ಚಕ್ರದಿಂದ ಚಕ್ರಕ್ಕೆ 3,095 ಮಿ.ಮೀ. ಉದ್ದವಿರುವ ಪಿಕಪ್ಪಿಗೆ ದಿಬ್ಬವೇ ಕಷ್ಟ. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಎಡಗಡೆ ಫುಟ್‌ಸ್ಟೆಪ್ ತಿರುಚಿತ್ತು, ಸೈಲೆನ್ಸರ್ ಪೈಪಿನ ಒಂದು ಹ್ಯಾಂಗರ್ ಕಿತ್ತು ಬಂದಿತ್ತು, ಅಡಿಯಲ್ಲಿ ನೇತಾಡುವ ಸ್ಟೆಪ್ನಿಯ ಮೈತುಂಬ ಗೀರು.

ಕೊಯ್ಲು ಮುಗಿದ ಮೇಲೆ ಗೊಬ್ಬರದ ಕೆಲಸ. ಆಗ 50 ಕೆ.ಜಿ.ಯ ಎಂಟು ಮೂಟೆ ಹಿಂದೆ, ಡ್ರೈವರ್ ಸೇರಿ ನಾಲ್ಕು ಜನ ಒಳಗೆ. ಹೆಚ್ಚಿನ ಪೆಟ್ಟೆಲ್ಲ ಆ ತಿಂಗಳುಗಳಲ್ಲೇ ಬಿದ್ದಿದ್ದು. ಈ ಸುಳಿವು ಮೊದಲ ದಿನದಿಂದಲೂ ಕಣ್ಣೆದುರಿಗೇ ಇತ್ತು, ಆದರೆ ಯಾರೂ ಅದರ ಕಡೆ ನೋಡಲಿಲ್ಲ.

ಮೊದಲ ಪ್ರಯತ್ನ

ಮಾಲೀಕರು ಗ್ಯಾರೇಜಿಗೆ ಹೋಗಿ ಹೇಳಿದ್ದು ಒಂದೇ ಮಾತು: "ಎರಡಿಂಚು ಎತ್ತಿಬಿಡಿ." ಏನು ತಾಗುತ್ತಿದೆ, ಎಷ್ಟು ಭಾರ ಇದ್ದಾಗ ತಾಗುತ್ತಿದೆ ಎಂದು ಗ್ಯಾರೇಜಿನವರು ಕೇಳಲಿಲ್ಲ. ಮುಂದೆ ಸ್ಟ್ರಟ್‌ನ (ಶಾಕ್ ಮತ್ತು ಕಾಯಿಲ್ ಸ್ಪ್ರಿಂಗ್ ಸೇರಿದ ಜೋಡಣೆ) ತಲೆಯ ಮೇಲೆ 50 ಮಿ.ಮೀ. ಅಲ್ಯೂಮಿನಿಯಂ ಸ್ಪೇಸರ್ (ಎತ್ತರ ಕೊಡುವ ಬಿಲ್ಲೆ), ಹಿಂದೆ ಆಕ್ಸಲ್ಲಿಗೂ ಲೀಫ್ ಸ್ಪ್ರಿಂಗಿಗೂ (ಪ್ಲೇಟಿನ ಮೇಲೆ ಪ್ಲೇಟು ಜೋಡಿಸಿದ ಸ್ಪ್ರಿಂಗು) ನಡುವೆ 50 ಮಿ.ಮೀ. ಬ್ಲಾಕ್, ಇವನ್ನೆಲ್ಲ ಸೇರಿಸಿ ಹಿಡಿಯಲು ತಕ್ಕ ಉದ್ದದ ಯು-ಬೋಲ್ಟು. ಬೆಳಿಗ್ಗೆ ಬಿಟ್ಟು ಸಂಜೆ ಒಯ್ದ ಕೆಲಸ. ಖರ್ಚು ₹38,000. ಅಲೈನ್‌ಮೆಂಟಿನಲ್ಲಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಮಾತ್ರ ಸರಿಮಾಡಿ ಕಳಿಸಿದರು.

ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದರೆ ಮುಂದೆ ಮೊದಲು 495 ಮಿ.ಮೀ. ಇದ್ದದ್ದು 583 ಆಗಿತ್ತು. ಹಿಂದೆ 520 ಇದ್ದದ್ದು 572. ಹಿಂದೆ ಬ್ಲಾಕಿನಷ್ಟೇ ಎದ್ದಿದೆ, ಅದು ಸಹಜ. ಮುಂದೆ ಮಾತ್ರ 50 ಹಾಕಿದರೆ 88 ಎದ್ದಿದೆ.

ಇದರಲ್ಲಿ ಮಾಯವೇನಿಲ್ಲ. ಈ ಗಾಡಿಯ ಮುಂದಿನ ಸಸ್ಪೆನ್ಷನ್ ಡಬಲ್ ವಿಶ್‌ಬೋನ್: ಚಕ್ರವನ್ನು ಮೇಲೊಂದು, ಕೆಳಗೊಂದು ಆರ್ಮ್ ಹಿಡಿದಿರುತ್ತದೆ. ಕೆಳಗಿನ ಆರ್ಮ್‌ನ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಚಕ್ರಕ್ಕೆ. ಸ್ಟ್ರಟ್ ಕೂರುವುದು ಇವೆರಡರ ನಡುವೆ. ಬಾಗಿಲನ್ನು ನಡುಮಧ್ಯದಲ್ಲಿ ಒಂದು ಗೇಣು ತಳ್ಳಿದರೆ ಅಂಚು ಸುಮಾರು ಎರಡು ಗೇಣು ಹೋಗುವುದಿಲ್ಲವೇ, ಹಾಗೆ. ಈ ಗಾಡಿಯಲ್ಲಿ ಸ್ಟ್ರಟ್ ತಲೆಯ ಒಂದು ಮಿಲಿಮೀಟರ್ ಚಕ್ರದ ಹತ್ತಿರ ಸುಮಾರು ಒಂದೂಮುಕ್ಕಾಲು ಆಗುತ್ತದೆ. ಎರಡಿಂಚು ಬೇಕಿದ್ದರೆ 29 ಮಿ.ಮೀ. ಸ್ಪೇಸರ್ ಸಾಕಿತ್ತು. ಕೊಟ್ಟದ್ದು ಮೂರೂವರೆ ಇಂಚು.

ಎರಡು ಸಾವಿರ ಕಿಲೋಮೀಟರಿನೊಳಗೆ

ಮೊದಲು ಬಂದದ್ದು ಸದ್ದು. ಹಂಪ್ ಇಳಿದಾಗಲೆಲ್ಲ ಮುಂದಿನಿಂದ "ಟಕ್". ಶಾಕ್ ಹೋಗಿದೆ ಎಂದು ಮೊದಲ ಗ್ಯಾರೇಜಿನವರು ಹೇಳಿದರು, ಆದರೆ ಶಾಕ್ ಗಟ್ಟಿಯಾಗಿಯೇ ಇತ್ತು. ಸ್ಟ್ರಟ್ ಇಡಿಯಾಗಿ ಕೆಳಗೆ ಸರಿದಿದ್ದರಿಂದ ಚಕ್ರ ಮೊದಲಿಗಿಂತ ಆಳಕ್ಕೆ ನೇತಾಡುತ್ತಿತ್ತು, ಆ ಆಳದಲ್ಲಿ ಮೇಲಿನ ಆರ್ಮ್ ಕಾಯಿಲ್ ಸ್ಪ್ರಿಂಗಿಗೆ ಹೋಗಿ ಬಡಿಯುತ್ತಿತ್ತು. ಸ್ಪ್ರಿಂಗಿನ ಪೇಂಟ್ ಒಂದು ಕಡೆ ಉಜ್ಜಿ ಲೋಹ ಹೊಳೆಯುತ್ತಿದ್ದುದೇ ಸಾಕ್ಷಿ. ಸ್ಟ್ರಟ್ ತಲೆಯ ಸ್ಪೇಸರಿನಲ್ಲಿ ಇನ್ನೊಂದು ಅಪಾಯವೂ ಇದೆ. ಚಾಸಿಯ ಬಂಪ್ ಸ್ಟಾಪ್ (ಚಕ್ರ ಅತಿಯಾಗಿ ಮೇಲೇರದಂತೆ ತಡೆಯುವ ರಬ್ಬರು) ಇದ್ದಲ್ಲೇ ಇರುತ್ತದೆ, ಸ್ಟ್ರಟ್ ಮಾತ್ರ ಸ್ಪೇಸರಿನಷ್ಟು ಕೆಳಗೆ ಬಂದಿರುತ್ತದೆ. ದೊಡ್ಡ ಹೊಂಡಕ್ಕೆ ಬಿದ್ದಾಗ ರಬ್ಬರು ತಡೆಯುವ ಮೊದಲೇ ಶಾಕ್ ಒಳಗಡೆ ತಳ ಮುಟ್ಟುತ್ತದೆ. ಸೀಲ್ ಒಡೆಯುವುದು ಆಗಲೇ.

ಆಮೇಲೆ ಸ್ಟಿಯರಿಂಗ್. 80ರ ವೇಗದಲ್ಲಿ ಗಾಡಿ ನೇರ ನಿಲ್ಲದೆ ಅತ್ತಿತ್ತ ಅಲೆಯುತ್ತಿತ್ತು. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ಹಿಂದಕ್ಕೆ ಬರುತ್ತಿರಲಿಲ್ಲ. ಮುಂಭಾಗ ಎದ್ದಾಗ ಕ್ಯಾಸ್ಟರ್, ಅಂದರೆ ಸ್ಟಿಯರಿಂಗಿಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಇಲ್ಲಿ ಕಂಪನಿ ಮಿತಿಗಿಂತ ಎರಡು ಡಿಗ್ರಿ ಕೆಳಗೆ ಹೋಗಿತ್ತು. ಟೋ ಮಾತ್ರ ನೋಡಿದವರಿಗೆ ಇದು ಕಾಣಿಸುವುದಿಲ್ಲ.

1,900 ಕಿ.ಮೀ.ಗೆ ಬಲಗಡೆ ಹಾಫ್ ಶಾಫ್ಟಿನ (ಮುಂದಿನ ಡಿಫರೆನ್ಷಿಯಲ್ಲಿನಿಂದ ಚಕ್ರಕ್ಕೆ ಹೋಗುವ ದಂಡ) ಒಳಬದಿಯ ಬೂಟ್ (ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆ) ಹರಿದು ಗ್ರೀಸ್ ಎಲ್ಲ ಕಡೆ ಎರಚಿತ್ತು. ಕೋನ ಹೆಚ್ಚಾದಾಗ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ. "ನಾನು ಫೋರ್ ವೀಲ್ ಹಾಕಿಯೇ ಇಲ್ಲವಲ್ಲ" ಎಂದು ಮಾಲೀಕರಿಗೆ ಆಶ್ಚರ್ಯ. ಹಾಕದಿದ್ದರೂ ಈ ಗಾಡಿಯಲ್ಲಿ ಹಾಫ್ ಶಾಫ್ಟ್ ಚಕ್ರದ ಜೊತೆ ತಿರುಗುತ್ತಲೇ ಇರುತ್ತದೆ, ಹಾಗಾಗಿ ಬೂಟ್ ಸವೆಯುವುದು ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಹಿಂದೆ ನಡೆದಿತ್ತು. ಎಡಗಡೆಯ ಯು-ಬೋಲ್ಟಿನ ನಟ್ಟುಗಳು ಕೈಯಲ್ಲಿ ತಿರುಗುವಷ್ಟು ಸಡಿಲ. ಬ್ಲಾಕ್ ತನ್ನ ಗೂಡಿನಲ್ಲಿ ಅಲುಗಾಡಿ ಆಕ್ಸಲ್‌ನ ಎಡತುದಿ 9 ಮಿ.ಮೀ. ಹಿಂದೆ ಸರಿದಿತ್ತು. ಗಾಡಿ ಓರೆಯಾಗಿ ಓಡುತ್ತಿತ್ತು, ಹಿಂದಿನಿಂದ ಬರುವವರಿಗೆ ಅದು ಎದ್ದು ಕಾಣುತ್ತಿತ್ತು. ಹೊಸ ಯು-ಬೋಲ್ಟು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಹಿಗ್ಗುತ್ತದೆ, ಪ್ಲೇಟುಗಳು ಒಂದರ ಮೇಲೊಂದು ಕೂರುತ್ತವೆ. ಮತ್ತೆ ಬಿಗಿ ಮಾಡಲೇಬೇಕು. ಹಾಗೆಂದು ಮಾಲೀಕರಿಗೆ ಯಾರೂ ಹೇಳಿರಲಿಲ್ಲ.

ಇಷ್ಟೆಲ್ಲ ಆದರೂ ಮೂಲ ತೊಂದರೆ ಹಾಗೇ ಉಳಿದಿತ್ತು. ಎಂಟು ಮೂಟೆ ಹೇರಿದಾಗ ಹಿಂಭಾಗ ಮೊದಲು 74 ಮಿ.ಮೀ. ಕುಸಿಯುತ್ತಿತ್ತು, ಬ್ಲಾಕ್ ಹಾಕಿದ ಮೇಲೆ 75. ಬ್ಲಾಕ್ ಎತ್ತರ ಕೊಡುತ್ತದೆ, ಸ್ಪ್ರಿಂಗಿಗೆ ಶಕ್ತಿ ಕೊಡುವುದಿಲ್ಲ.

ತಿರುವು: ಎಲ್ಲ ಬಿಚ್ಚಿ, ಸುಣ್ಣ ಬಳಿದು

ಎರಡನೇ ಗ್ಯಾರೇಜಿಗೆ ಗಾಡಿ ಬಂದಾಗ ಮಾಲೀಕರು ಕೇಳಿದ್ದು ಡಿಫ್ ಡ್ರಾಪ್ (ಮುಂದಿನ ಡಿಫರೆನ್ಷಿಯಲ್ಲನ್ನು ಕೆಳಗಿಳಿಸುವ ತುಂಡುಗಳು) ಹಾಕಿಕೊಡಿ, ಬೂಟ್ ಹರಿಯದ ಹಾಗೆ ಮಾಡಿ ಎಂದು. ಸುಲಭದ ದುಡ್ಡು. ಅವರು ಒಪ್ಪಲಿಲ್ಲ. 88 ಮಿ.ಮೀ. ಎಂಬ ತಪ್ಪನ್ನು ಉಳಿಸಿಕೊಂಡು ಅದರ ಮೇಲೆ ಇನ್ನೊಂದು ಸಾಮಾನು ಕೂರಿಸುವುದಕ್ಕಿಂತ, ಮೊದಲು ಎಲ್ಲವನ್ನೂ ತೆಗೆದು ಗಾಡಿಯನ್ನು ಕಂಪನಿಯಿಂದ ಬಂದ ಸ್ಥಿತಿಗೆ ತರೋಣ ಎಂದರು. ಇಡೀ ಪ್ರಕರಣದಲ್ಲಿ ದಾರಿ ಬದಲಾದದ್ದು ಇಲ್ಲಿ.

ಗಾಡಿಯನ್ನು ವೇಬ್ರಿಡ್ಜಿಗೆ ಒಯ್ದು ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಗಿದರು, ಖಾಲಿ ಇದ್ದಾಗ ಒಮ್ಮೆ, ಮೂಟೆ ಮತ್ತು ಜನ ಇದ್ದಾಗ ಒಮ್ಮೆ. ಎಂಟು ಮೂಟೆ, ನಾಲ್ಕು ಜನ ಸೇರಿದಾಗ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರಿತ್ತು. ಸ್ಪ್ರಿಂಗ್ ಯಾವುದೇ ಹಾಕಿದರೂ ಆ ಮಿತಿ ಹೆಚ್ಚುವುದಿಲ್ಲ, ಏಕೆಂದರೆ ಅದು ಚಾಸಿ, ಆಕ್ಸಲ್, ಬ್ರೇಕ್ ಎಲ್ಲವನ್ನೂ ಸೇರಿಸಿ ಕಟ್ಟಿದ ಲೆಕ್ಕ. ಆರು ಮೂಟೆ, ಇಬ್ಬರು ಎಂಬ ಮಿತಿಯನ್ನು ಮಾಲೀಕರು ಆ ದಿನವೇ ಒಪ್ಪಿಕೊಂಡರು. ಎರಡು ಸಲ ಹೋಗುವ ಕಡೆ ಮೂರು ಸಲ ಹೋಗುವುದು, ಅಷ್ಟೆ.

ಆಮೇಲೆ ದಾರಿಯ ಪರೀಕ್ಷೆ. ನಡುವಿನ ದಿಬ್ಬ ಎತ್ತರವಾಗಿದ್ದ ಐದು ಕಡೆ ನೀರು ಕಲಸಿದ ಸುಣ್ಣವನ್ನು ದಪ್ಪಗೆ ಬಳಿದು, ಗಾಡಿಯನ್ನು ಮೊದಲನೇ ಗೇರಿನಲ್ಲಿ ನಿಧಾನ ದಾಟಿಸಿದರು. ಆಮೇಲೆ ಅಡಿ ಮಲಗಿ ಎಲ್ಲೆಲ್ಲಿ ಬಿಳಿ ಅಂಟಿದೆ ಎಂದು ನೋಡಿದರು. ಖಾಲಿ ಗಾಡಿಯಲ್ಲಿ ಫುಟ್‌ಸ್ಟೆಪ್ಪಿನ ಕೆಳಗೆ ಮಾತ್ರ. ಆರು ಮೂಟೆ ಹೇರಿದಾಗ ಫುಟ್‌ಸ್ಟೆಪ್, ಸೈಲೆನ್ಸರ್, ಸ್ಟೆಪ್ನಿ, ಹಿಂದಿನ ಯು-ಬೋಲ್ಟ್ ಪ್ಲೇಟು, ಮತ್ತು ಒಂದು ಕಡೆ ಹಿಂದಿನ ಡಿಫರೆನ್ಷಿಯಲ್ಲಿನ ಹೊಟ್ಟೆ.

ಇದರಿಂದ ಕೆಲಸ ಮೂರು ಭಾಗವಾಯಿತು. ಮುಂದೆ ಸ್ವಲ್ಪ ಎತ್ತರ ಬೇಕು. ಹಿಂದೆ ಭಾರಕ್ಕೆ ಕುಸಿಯದ ಸ್ಪ್ರಿಂಗ್ ಬೇಕು. ಡಿಫರೆನ್ಷಿಯಲ್ಲಿನ ಹೊಟ್ಟೆಗೆ ಮಾತ್ರ ಯಾವ ಲಿಫ್ಟ್ ಕಿಟ್ಟೂ ನೆರವಾಗುವುದಿಲ್ಲ: ಹಿಂದಿನ ಆಕ್ಸಲ್ ಚಕ್ರದ ಜೊತೆಯಲ್ಲೇ ಇರುತ್ತದೆ, ಎದ್ದೇಳುವುದು ಅದರ ಮೇಲಿನ ಚಾಸಿ. ಅಲ್ಲಿ ಎತ್ತರ ಬರುವುದು ಟೈರಿನ ಅರ್ಧ ವ್ಯಾಸದಿಂದ ಮಾತ್ರ. ಕಂಪನಿಯ 255/60 ಆರ್18 ಬದಲು 265/60 ಆರ್18 ಹಾಕಿದರೆ ಸಿಗುವುದು ಬರೇ 6 ಮಿ.ಮೀ. ಅದಕ್ಕಿಂತ ದೊಡ್ಡ ಟೈರು ಹಾಕಿದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುವ ಭಯ. 265/60ಕ್ಕೇ ನಿಲ್ಲಿಸಿದರು. ಡಿಫ್ ತಾಗುತ್ತಿದ್ದ ಆ ಒಂದು ಜಾಗದಲ್ಲಿ ಗಾಡಿಗೆರೆಗೆ ಒಂದು ಟ್ರ್ಯಾಕ್ಟರ್ ಜಲ್ಲಿ ಸುರಿದು ಗುದ್ದಿದರು. ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಟ್ಟ ಕೆಲಸ ಅದೇ ಇರಬೇಕು.

ಸಾಮಾನಿನ ಆಯ್ಕೆ

ಮುಂದೆ 40 ಮಿ.ಮೀ. ಗುರಿ. ಸ್ಪೇಸರ್ ಬೇಡ, ಉದ್ದದ ಶಾಕ್ ಮತ್ತು ಅದಕ್ಕೆ ಹೊಂದುವ ಕಾಯಿಲ್ ಇರುವ ಜೋಡಿ ಸ್ಟ್ರಟ್. ಕಾಯಿಲ್ಲುಗಳು ಮುಂದೆ ಎಷ್ಟು ಹೆಚ್ಚುವರಿ ಭಾರ ಇದೆ ಎಂಬ ಲೆಕ್ಕದಲ್ಲಿ ಬರುತ್ತವೆ. ಈ ಗಾಡಿಗೆ ಸ್ಟೀಲ್ ಬಂಪರ್ ಇಲ್ಲ, ವಿಂಚ್ ಇಲ್ಲ. ಭಾರದ ಬಂಪರಿಗೆಂದು ಮಾಡಿದ ಕಾಯಿಲ್ ಹಾಕಿದ್ದರೆ ಮತ್ತೆ 60–70 ಎದ್ದು ಹಳೆಯ ಕತೆಯೇ ಶುರುವಾಗುತ್ತಿತ್ತು. ಜೊತೆಗೆ ಕೋನ ತಿದ್ದಿದ ಬಾಲ್ ಜಾಯಿಂಟ್ ಇರುವ ಮೇಲಿನ ಆರ್ಮ್ ಒಂದು ಜೋಡಿ. ಕ್ಯಾಸ್ಟರ್ ಹಿಂದಕ್ಕೆ ತರುವುದಕ್ಕೂ ಕಾಯಿಲ್ಲಿಗೆ ತಾಗದಿರುವುದಕ್ಕೂ ಅದು ಬೇಕು.

ಹಿಂದಿನ ಸ್ಪ್ರಿಂಗಿನ ಬಗ್ಗೆ ಚರ್ಚೆಯಾಯಿತು. ಹಳೆಯ ಸೆಟ್ಟಿಗೇ ಒಂದು ಪ್ಲೇಟು ಸೇರಿಸಿದರೆ ಅಗ್ಗ. ಆದರೆ ಸೋತ ಪ್ಲೇಟುಗಳ ನಡುವೆ ಒಂದೇ ಗಟ್ಟಿ ಪ್ಲೇಟು ಕೂತರೆ ಭಾರವೆಲ್ಲ ಅದರ ಮೇಲೆ ಬಿದ್ದು ಬೇಗ ತುಂಡಾಗುತ್ತದೆ. ಸದಾ 300 ಕೆ.ಜಿ. ಹೊರುವ ಗಾಡಿಗೆಂದೇ ಮಾಡಿದ ಸೆಟ್ಟೂ ಇತ್ತು, ಮಾಲೀಕರಿಗೆ ಅದೇ ಬೇಕಿತ್ತು. ಗಾಡಿ ವರ್ಷದ ಎಂಟು ತಿಂಗಳು ಖಾಲಿ ಓಡುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಗಟ್ಟಿಯಾದರೆ ಮಳೆಯಲ್ಲಿ ಘಾಟಿ ತಿರುವಿನಲ್ಲಿ ಕುಣಿದು ಹಿಡಿತ ಬಿಡುತ್ತದೆ. ಮಧ್ಯಮ ಸೆಟ್ಟಿಗೆ ಕೊನೆಗೆ ಒಪ್ಪಿದರು.

ಒಟ್ಟು ಸಾಮಾನು: ಸ್ಟ್ರಟ್ ಜೋಡಿ, ಮೇಲಿನ ಆರ್ಮ್ ಜೋಡಿ, ಪೂರ್ತಿ ಲೀಫ್ ಸೆಟ್ ಎರಡು, ಹಿಂದಿನ ಉದ್ದದ ಶಾಕ್ ಎರಡು, ಹೊಸ ಯು-ಬೋಲ್ಟು ನಾಲ್ಕು, ಲಾಕ್ ನಟ್ಟು ಎಂಟು, ಗ್ರೀಸ್ ನಿಪ್ಪಲ್ ಇರುವ ಶ್ಯಾಕಲ್ (ಲೀಫ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಮತ್ತು ಬುಷ್, ಹರಿದ ಬೂಟಿಗೆ ಬದಲಿ ಮತ್ತು ಅದರ ಗ್ರೀಸ್. ಸಾಮಾನಿಗೆ ₹1.68 ಲಕ್ಷ, ಕೂಲಿ ₹22,000. ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಹಾಕುವ ಮಾತೇ ಇಲ್ಲ, ಒಮ್ಮೆ ಹಿಗ್ಗಿದ್ದು ಹಿಗ್ಗಿತು.

ಕೂರಿಸಿದ ಬಗೆ

ಎರಡು ದಿನ ಮೊದಲೇ ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟುಗಳಿಗೆ (ತಿರುಗಿಸಿ ಚಕ್ರದ ಕೋನ ಹೊಂದಿಸುವ ಬೋಲ್ಟುಗಳು) ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಈಗಿರುವ ಸ್ಥಾನಕ್ಕೆ ಪೇಂಟಿನ ಗುರುತು ಹಾಕಿದರು. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಚಕ್ರ ತೆಗೆದ ಮೇಲೆ ಮೊದಲು ಬಿಡಿಸಿದ್ದು ಎಬಿಎಸ್ ವೈರಿನ ಕ್ಲಿಪ್ಪು ಮತ್ತು ಬ್ರೇಕ್ ಹೋಸಿನ ಬ್ರ್ಯಾಕೆಟ್. ಚಕ್ರದ ಗುಂಬ (ಹಬ್) ಜಾರಿ ಕೆಳಗೆ ಬಿದ್ದರೆ ಕೀಳುವುದು ಇವೇ ಎರಡು. ಕ್ಯಾಲಿಪರನ್ನು ಹೋಸಿನಲ್ಲಿ ನೇತುಹಾಕದೆ ತಂತಿಯಲ್ಲಿ ಕಟ್ಟಿದರು.

ಸ್ಟ್ರಟ್ ತೆಗೆಯುವಾಗ ತಲೆಯ ಸುತ್ತಲಿನ ಮೂರು ನಟ್ಟು ಮಾತ್ರ ಬಿಚ್ಚಬೇಕು. ನಡುವಿನ ದೊಡ್ಡ ನಟ್ಟನ್ನು ಮುಟ್ಟಬಾರದು: ಅಮುಕಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ, ಬಿಟ್ಟರೆ ಕೈ ಹೋಗುತ್ತದೆ, ತಲೆಯೂ ಹೋಗಬಹುದು. ಬಾಲ್ ಜಾಯಿಂಟ್ ಬಿಡಿಸಲು ಪುಲ್ಲರ್ ಬಳಸಿದರು. ಸುತ್ತಿಗೆಯಲ್ಲಿ ಹೊಡೆದರೆ ಬಿಡುತ್ತದೆ ನಿಜ, ಜೊತೆಗೆ ರಬ್ಬರೂ ಹರಿಯುತ್ತದೆ.

ಬಲಗಡೆಯ ಹಿಂದಿನ ಕ್ಯಾಮ್ ಬೋಲ್ಟ್ ಮಾತ್ರ ಜಗ್ಗಲಿಲ್ಲ. ಬುಷ್ಷಿನ ಒಳಗಿನ ಕೊಳವೆಯೂ ಬೋಲ್ಟೂ ತುಕ್ಕಿನಲ್ಲಿ ಒಂದಾಗಿದ್ದವು. ನಟ್ಟು ತಿರುಗಿತು, ಬೋಲ್ಟ್ ತಿರುಗಲಿಲ್ಲ. ಕಾಯಿಸಿದರೆ ರಬ್ಬರ್ ಸುಡುತ್ತದೆ. ಕೊನೆಗೆ ಎರಡೂ ಕಡೆ ಗ್ರೈಂಡರಿನಲ್ಲಿ ಕೊಯ್ದು, ಹೊಸ ಬುಷ್ ಒತ್ತಿ, ಹೊಸ ಬೋಲ್ಟಿನ ಮೈಗೆ ಆ್ಯಂಟಿ-ಸೀಜ್ (ತುಕ್ಕಿನಲ್ಲಿ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಸವರಿ ಹಾಕಿದರು. ಒಂದು ದಿನ ಇದಕ್ಕೇ ಹೋಯಿತು. ಮಲೆನಾಡಿನ ಗಾಡಿಗೆ ಈ ಒಂದು ದಿನವನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಬಿಚ್ಚಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಕೆಳಗಿನ ಆರ್ಮ್‌ನ ಬುಷ್ಷುಗಳ ಅಂಚು ಸೀಳಿದ್ದವು. ಮೊದಲ ಗ್ಯಾರೇಜಿನವರು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿ ಮಾಡಿದ್ದರು. ಈ ಬುಷ್ಷಿನ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ, ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ ಅಷ್ಟೆ. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಹಾಗಾಗಿ ಈ ಸಲ ಎಲ್ಲ ಬುಷ್ ಬೋಲ್ಟುಗಳನ್ನೂ ಕೈಬಿಗಿಗೆ ಬಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ ನಾಲ್ಕು ಸಲ ಅಮುಕಿ, ಸ್ವಲ್ಪ ಹಿಂದೆ ಮುಂದೆ ಓಡಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿದರು. ಹಿಂದಿನ ಲೀಫ್ ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್ ಕೂಡ ಹಾಗೇ.

ಹಿಂದಿನ ಕೆಲಸ ಒಂದೊಂದೇ ಬದಿ. ಎರಡೂ ಕಡೆ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಜಾಕಿನ ಮೇಲೆ ತಿರುಗಿಬಿಡುತ್ತದೆ. ಸೆಂಟರ್ ಬೋಲ್ಟಿನ ತಲೆ ಕೂರುವ ಗುಳಿಯಲ್ಲಿ ಮಣ್ಣು ಕಲ್ಲಿನ ಹಾಗೆ ಕಟ್ಟಿತ್ತು; ಕೆರೆದು ತೆಗೆಯದಿದ್ದರೆ ತಲೆ ಪೂರ್ತಿ ಕೂರದೆ ಆಕ್ಸಲ್ ಮತ್ತೆ ಸರಿಯುತ್ತಿತ್ತು. ಯು-ಬೋಲ್ಟಿನ ನಾಲ್ಕು ನಟ್ಟನ್ನು ಎದುರುಬದುರು ಮೂಲೆಯಂತೆ ನಾಲ್ಕು ಹಂತದಲ್ಲಿ ಬಿಗಿದು, ನಾಲ್ಕೂ ಕಡೆ ನಟ್ಟಿನಿಂದ ಹೊರಗುಳಿದ ಬೋಲ್ಟಿನ ತುದಿ ಸಮ ಇದೆಯೇ ಎಂದು ನೋಡಿದರು. 50, 500 ಮತ್ತು 1,000 ಕಿ.ಮೀ.ಗೆ ಮತ್ತೆ ಬಿಗಿ ಮಾಡಿಸಬೇಕು ಎಂದು ಬಿಲ್ಲಿನ ಮೇಲೇ ಬರೆದುಕೊಟ್ಟರು.

ಕಿಟ್ ಜೊತೆ 25 ಮಿ.ಮೀ.ನ ಡಿಫ್ ಡ್ರಾಪ್ ತುಂಡುಗಳೂ ಬಂದಿದ್ದವು. ಅವನ್ನು ಹಾಕಲಿಲ್ಲ. ಚಕ್ರವನ್ನು ಪೂರ್ತಿ ನೇತಾಡಿಸಿ ಹಾಫ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ ಎಲ್ಲೂ ಹಿಡಿಯಲಿಲ್ಲ, ಬೂಟಿನ ಮಡಿಕೆಗಳ ನಡುವೆ ಬೆಳಕು ಕಾಣುತ್ತಿತ್ತು. 40 ಎತ್ತಿ ಮುಂದಿನ ಡಿಫ್ಫನ್ನು 25 ಇಳಿಸಿದರೆ ಆ ಜಾಗದಲ್ಲಿ ಗಳಿಸಿದ್ದು 15 ಮಾತ್ರ. ಬೇಕಿಲ್ಲದೆ ಯಾಕೆ ಕಳೆದುಕೊಳ್ಳಬೇಕು?

ಕೊನೆಗೆ ಅಲೈನ್‌ಮೆಂಟ್, ಕ್ಯಾಸ್ಟರಿನಿಂದ ಶುರುಮಾಡಿ. ಆಮೇಲೆ ಹೆಡ್‌ಲೈಟ್ ಇಳಿಸಿದರು. ಹಿಂದಿನ ಬ್ರೇಕ್ ಹೋಸ್ ಪೂರ್ತಿ ನೇತಾಡಿಸಿದಾಗ ಬಿಗಿಯುತ್ತಿತ್ತು, ಬ್ರ್ಯಾಕೆಟ್ಟನ್ನು ಒಂದು ತುಂಡು ಪಟ್ಟಿಯಿಂದ ಕೆಳಗಿಳಿಸಿದರು.

ಕಾಗದದ ಕಡೆ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4)ರಲ್ಲಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ ₹5,000 ದಂಡ, ಅಥವಾ ಎರಡೂ. ಮೊದಲ ಗ್ಯಾರೇಜಿನಲ್ಲಿ ಈ ಮಾತೇ ಬರಲಿಲ್ಲ. ಎರಡನೆಯವರು ಕೆಲಸಕ್ಕೆ ಕೈ ಹಾಕುವ ಮೊದಲು ಇದನ್ನು ಹೇಳಿ, ವಿಮೆಯ ಕ್ಲೇಮು ಮತ್ತು ಕಂಪನಿ ವಾರಂಟಿಗೂ ತೊಡಕಾಗಬಹುದು ಎಂದು ತಿಳಿಸಿ, ಬಿಚ್ಚಿದ ಮೂಲ ಸ್ಟ್ರಟ್, ಆರ್ಮ್, ಲೀಫ್ ಸೆಟ್ಟುಗಳಿಗೆ ಎಡ-ಬಲ ಗುರುತು ಹಾಕಿ ಎಣ್ಣೆ ಸವರಿ ಗೋಣಿಯಲ್ಲಿ ಕಟ್ಟಿಕೊಟ್ಟರು. ಮಾಲೀಕರು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿದರು. ಬರೆದು ತಿಳಿಸಿದ ಮಾತ್ರಕ್ಕೆ ಕಾನೂನಿನ ತೊಡಕು ಕರಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ಫಲ, ಮತ್ತು ಅದರಿಂದ ತಿಳಿದದ್ದು

1,000 ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಮುಂದೆ 533, ಹಿಂದೆ 562. ಅಂದರೆ 38 ಮತ್ತು 42 ಹೆಚ್ಚು. ಆರು ಮೂಟೆ ಹೇರಿದಾಗ ಹಿಂದೆ 523, ಕಂಪನಿಯಿಂದ ಬಂದಾಗ ಖಾಲಿ ಇದ್ದಷ್ಟೇ ಹೆಚ್ಚುಕಡಿಮೆ. ಮತ್ತೆ ಸುಣ್ಣ ಬಳಿದು ದಾಟಿಸಿದಾಗ ಐದರಲ್ಲಿ ನಾಲ್ಕು ಕಡೆ ಏನೂ ಅಂಟಲಿಲ್ಲ. ಒಂದು ಕಡೆ ಫುಟ್‌ಸ್ಟೆಪ್ಪಿಗೆ ತೆಳುವಾಗಿ ಅಂಟಿತು. ಸುಣ್ಣದ ಪರೀಕ್ಷೆಯನ್ನು ಮೊದಲನೇ ಗ್ಯಾರೇಜಿಗೆ ಹೋಗುವ ಮುನ್ನ ಮಾಡಿದ್ದರೆ ₹38,000 ಉಳಿಯುತ್ತಿತ್ತು, ಬುಷ್ಷು, ಬೂಟೂ ಉಳಿಯುತ್ತಿದ್ದವು. "ಎಷ್ಟು ಇಂಚು" ಎಂಬ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಅದಕ್ಕೆ ಮೊದಲು ಏನು ತಾಗುತ್ತದೆ, ಯಾವ ಭಾರದಲ್ಲಿ ತಾಗುತ್ತದೆ ಎಂಬುದು ಗೊತ್ತಿರಬೇಕು.

ಎಲ್ಲವೂ ಸುಗಮ ಎಂದಲ್ಲ. ಖಾಲಿ ಗಾಡಿಯ ಹಿಂಭಾಗ ಮೊದಲಿಗಿಂತ ಒರಟು, ಹಿಂದಿನ ಸೀಟಿನಲ್ಲಿ ಕೂರುವವರು ದೂರುತ್ತಾರೆ. ಖಾಲಿ ಇದ್ದಾಗ ಮೊದಲನೇ ಗೇರಿನಲ್ಲಿ ಹೊರಡುವಾಗ ಅಡಿಯಲ್ಲಿ ನಡುಕ ಬರುತ್ತಿತ್ತು. ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾದದ್ದು ಕಾರಣ. ಸೆಂಟರ್ ಬೇರಿಂಗನ್ನು 8 ಮಿ.ಮೀ. ವಾಷರಿನಿಂದ ಕೆಳಗಿಳಿಸಿದ ಮೇಲೆ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

11,000 ಕಿ.ಮೀ.ಗೆ ಮಾಡಿದ ತಪಾಸಣೆಯಲ್ಲಿ ಬೂಟುಗಳು ಒಣಗಿಯೇ ಇದ್ದವು, ಯು-ಬೋಲ್ಟುಗಳು ಬಿಗಿ ಇದ್ದವು. ಆ್ಯಂಟಿ-ಸೀಜ್ ಸವರಿದ ಬಲಗಡೆಯ ಕ್ಯಾಮ್ ಬೋಲ್ಟ್ ನಟ್ಟು ಸಡಿಲಿಸಿದ ಕೂಡಲೇ ಕೈಯಲ್ಲೇ ತಿರುಗಿತು. ಎಡಗಡೆಯದು, ಕಂಪನಿಯಿಂದ ಬಂದದ್ದು, ಸ್ಪ್ಯಾನರಿಗೆ ಉದ್ದದ ಪೈಪು ಹಾಕಿದ ಮೇಲೆ ಕಿರುಗುಟ್ಟುತ್ತಾ ಅಲುಗಿತು. ಮುಂದಿನ ಮಳೆಗೆ ಮೊದಲು ಅದನ್ನೂ ತೆಗೆದು ಸವರಿ ಹಾಕುವುದು ಬಾಕಿ ಇದೆ.